ಒಂಬತ್ತು ದಿನದ ನಗು

ವರ್ಗೀಸ್ ತಂಗಿಯನ್ನು ನೋಡಲು ಹೊರಟದ್ದು ಮಾರ್ಚ್ ಹದಿನೇಳಕ್ಕೆ, ಮಂಗಳವಾರ. ಮೂರು ದಿನದ ಮಾತು ಅಷ್ಟೆ. ಚೆರುಪುಳದಲ್ಲಿರುವ ತಂಗಿ ತ್ರೇಸ್ಯಾ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಚೆರುಪುಳ ಎಂದರೆ ಕೇರಳ ಹೌದು, ಆದರೆ ಸಮುದ್ರದ ಆಚೆಯ ಊರಲ್ಲ. ಬೆಳಿಗ್ಗೆ ಕಡಬದಲ್ಲಿ ಬಸ್ಸು ಹತ್ತಿ, ಸುಳ್ಯದಲ್ಲಿ ಇಳಿದು, ಪಾಣತ್ತೂರಿನ ಮೇಲೆ ಹೋದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿ ಕೂತುಕೊಳ್ಳಬಹುದು. ಉಡಲು ಎರಡು ಮುಂಡು ಸಾಕು ಎಂದರು ಅವರು. ಹೆಂಡತಿ ಮರಿಯಕುಟ್ಟಿ ಮೂರನೆಯದನ್ನೂ ಚೀಲಕ್ಕೆ ತುರುಕಿದಳು. ಎಪ್ಪತ್ತಾರು ವರ್ಷದ ಗಂಡಸು ಊಟಕ್ಕೆ ಕೂತರೆ ಸಾರು ಮೈಮೇಲೆ ಚೆಲ್ಲಿಕೊಳ್ಳುವುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು.

ಶನಿವಾರ ಆಗುವಾಗ ಕೊರೊನಾ ಎಂದು ಗಡಿ ಮುಚ್ಚಿತು. ಬಸ್ಸು ನಿಂತಿತು. ಕೇರಳಕ್ಕೆ ಹೋಗುವ ದಾರಿಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದಿದ್ದಾರೆ ಎಂದು ಮಗ ಲಿಜೋ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಒಂದು ಆಳಿನ ಎತ್ತರದ ಕೆಂಪು ಮಣ್ಣು, ಅದರ ಮೇಲೆ ಒಂದು ನಾಯಿ ನಿಂತಿತ್ತು.

ಆ ಸಂಜೆ ಏಳು ಗಂಟೆಗೆ, ಜಪಮಾಲೆ ಮುಗಿದ ಮೇಲೆ, ವರ್ಗೀಸ್ ಫೋನು ಮಾಡಿದರು.

"ರಸ್ತೆಗೆ ಮಣ್ಣು ಹಾಕಿದ್ದಾರಂತೆ," ಎಂದಳು ಮರಿಯಕುಟ್ಟಿ.

"ಹಾಕಲಿ. ಗುಡ್ಡ ಕಡಿದು ಮನೆ ಕಟ್ಟಿದವ ನಾನು. ಒಂದು ಲೋಡು ಮಣ್ಣಿಗೆ ಹೆದರುದಾ?"

"ದಾಟಿದವರಿಗೆ ಪೊಲೀಸರ ಪೆಟ್ಟು ಉಂಟಂತೆ."

"ಹಾಗಾದರೆ ಪೆಟ್ಟು ತಿಂದುಕೊಂಡೇ ಬರುದು. ನೋಡು, ಪೆಸಹಾದ ದಿವಸ ನಾನು ಅಲ್ಲಿರ್ತೇನೆ. ಒಂದು ವೇಳೆ ಆಗದಿದ್ದರೆ ಫೋನಿನಲ್ಲಿ ಪ್ರಾರ್ಥನೆ ಹೇಳ್ತೇನೆ. ನಾನು ಹೇಳುವ ತನಕ ಕತ್ತಿ ಮುಟ್ಟುದು ಬೇಡ ಅಂತ ಹೇಳು ಆ ಲಿಜೋನಿಗೆ."

ಪೆಸಹಾ ಎಂದರೆ ಈಸ್ಟರಿಗೆ ಮೊದಲಿನ ಗುರುವಾರ. ಕೇರಳದಿಂದ ಈ ಕಡೆಗೆ ಬಂದು ರಬ್ಬರು, ಅಡಿಕೆ ಹಾಕಿದ ಇವರ ಮನೆಗಳಲ್ಲಿ ಆ ಸಂಜೆ ಅಕ್ಕಿಹಿಟ್ಟಿಗೆ ಉದ್ದು, ತೆಂಗಿನಕಾಯಿ ಅರೆದು ಹಾಕಿ, ಹುಳಿ ಬರಿಸದೆ ಅಪ್ಪಂ ಬೇಯಿಸುತ್ತಾರೆ. ಅದರ ಮೇಲೆ ಗರಿಯ ಶಿಲುಬೆ ಇಡುತ್ತಾರೆ. ಬೆಲ್ಲ ಹಾಕಿ ಕಾಯಿಹಾಲು ಕಾಯಿಸುತ್ತಾರೆ. ಮನೆಯ ಯಜಮಾನ ಪ್ರಾರ್ಥನೆ ಹೇಳಿ, ಅಪ್ಪಂ ಕೊಯ್ದು, ಹಿರಿಯರಿಂದ ಹಿಡಿದು ಒಬ್ಬೊಬ್ಬರ ಕೈಗೂ ಕೊಡುತ್ತಾನೆ. ಮರಿಯಕುಟ್ಟಿ ಮದುವೆಯಾಗಿ ಬಂದು ಐವತ್ತೊಂದು ವರ್ಷ. ಮಾವ ಹೋದ ಮೇಲೆ ವರ್ಗೀಸರೇ ಕೊಯ್ದದ್ದು. ಮಲೇರಿಯಾ ಹಿಡಿದು ನಡುಗುತ್ತಿದ್ದ ವರ್ಷವೂ ಕಂಬಳಿ ಹೊದ್ದುಕೊಂಡು ಎದ್ದು ಬಂದು ಕೊಯ್ದಿದ್ದರು. ಹಾಗಾಗಿ ಅವಳು ಲೆಕ್ಕ ಹಾಕತೊಡಗಿದಳು. ಏಪ್ರಿಲ್ ಒಂಬತ್ತು. ಅಷ್ಟರಲ್ಲಿ ಗಡಿ ತೆಗೆದರೆ ಆಳೇ ಬರುತ್ತದೆ, ತೆಗೆಯದಿದ್ದರೆ ಸ್ವರ ಬರುತ್ತದೆ. ಎರಡರಲ್ಲಿ ಒಂದು ಸಿಕ್ಕಿದರೆ ಸಾಕಿತ್ತು ಅವಳಿಗೆ.

ಮನೆಯಲ್ಲಿ ಉಳಿದದ್ದು ಮೂವರು. ಅವಳು, ಒಬ್ಬನೇ ಮಗ ಲಿಜೋ, ಅವನ ಹೆಂಡತಿ ಸೋಣಿಯಾ. ಒಂದು ವರ್ಷದ ಹಿಂದೆ ಮರಿಯಕುಟ್ಟಿಗೆ ಎದೆನೋವು ಬಂದು ಪುತ್ತೂರಿನ ಆಸ್ಪತ್ರೆಯಲ್ಲಿ ಐದು ದಿನ ಮಲಗಿದ್ದಳು. ಅಂದಿನಿಂದ ಸೋಣಿಯಾ ಅವಳನ್ನು ಮೊಟ್ಟೆಯ ಹಾಗೆ ನೋಡಿಕೊಳ್ಳುತ್ತಿದ್ದಳು. ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ಲಾಕ್‌ಡೌನ್ ಶುರುವಾದ ಮೇಲೆ ಅವಳ ಮೊಬೈಲಿಗೆ ಯಾರೋ ಒಬ್ಬ ಡಾಕ್ಟರರ ಮಾತು ಬಂದಿತ್ತು. ಹಿರಿಯರಿಗೆ ಕೆಟ್ಟ ಸುದ್ದಿ ಕೇಳಿಸಬೇಡಿ, ಟಿವಿ ನೋಡಲು ಬಿಡಬೇಡಿ, ಅವರನ್ನು ದಿನಕ್ಕೆ ಒಮ್ಮೆಯಾದರೂ ನಗಿಸಿ, ಮನಸ್ಸು ಖುಷಿಯಲ್ಲಿದ್ದರೆ ರೋಗ ಹತ್ತಿರ ಬರುವುದಿಲ್ಲ, ಹೀಗೆ. ಸೋಣಿಯಾ ಅದನ್ನು ಜೋರಾಗಿ ಹಾಕಿ ಎಲ್ಲರಿಗೂ ಕೇಳಿಸಿದಳು.

"ಕೇಳಿದ್ರಾ ಅಮ್ಮಚ್ಚಿ? ಇನ್ನು ನೀವು ದಿನಾ ನಗಬೇಕು."

"ಹಲ್ಲಿಲ್ಲದ ಬಾಯಿಯಲ್ಲಿ ನಕ್ಕರೆ ರೋಗ ಅಲ್ಲ, ಕೋಳಿಯೂ ಹತ್ತಿರ ಬರ್ಲಿಕ್ಕಿಲ್ಲ," ಎಂದಳು ಮರಿಯಕುಟ್ಟಿ.

ನಿಜ ಹೇಳಬೇಕೆಂದರೆ ಆ ಮೊದಲ ದಿನಗಳು ಚೆನ್ನಾಗಿಯೇ ಇದ್ದವು. ಟಿವಿಗೆ ಬಟ್ಟೆ ಮುಚ್ಚಿದರು. ಹಗಲು ಹಲಸಿನ ತೊಳೆ ಬಿಡಿಸುವುದು, ಸಂಜೆ ಹಾಡು, ಏಳಕ್ಕೆ ಫೋನು. ವರ್ಗೀಸ್ ಅಲ್ಲಿಂದ ತಂಗಿಯ ಅಡುಗೆಯನ್ನು ದೂರುತ್ತಿದ್ದರು, ಇವಳು ಇಲ್ಲಿಂದ ಬೈಯುತ್ತಿದ್ದಳು.

ಮಾರ್ಚ್ ಮೂವತ್ತೊಂದು, ಮಂಗಳವಾರ. ಮಧ್ಯಾಹ್ನ ಊಟವಾದ ಮೇಲೆ ಅಡ್ಡಾಗುವ ಅಭ್ಯಾಸ ಮರಿಯಕುಟ್ಟಿಯದು. ಆ ದಿನ ಸೋಣಿಯಾ ಮಲಗಲು ಬಿಡಲಿಲ್ಲ. ಅಡುಗೆಮನೆಯ ಹಿಂದಿನ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು.

"ಅಮ್ಮಚ್ಚಿ, ನೀವು ಮದುವೆಯಾಗಿ ಈ ಊರಿಗೆ ಬಂದ ಕಥೆ ಹೇಳಿ. ಲಾರಿಯಲ್ಲಿ ಬಂದದ್ದು. ನಾನು ವೀಡಿಯೊ ಮಾಡ್ತೇನೆ."

"ನೂರು ಸಲ ಕೇಳಿದ್ದಿ."

"ನೂರ ಒಂದನೇ ಸಲ ಕೇಳ್ತೇನೆ. ಲಾರಿ ಹತ್ತಿದ್ದು ಹೇಗೆ ಅಂತ ಮಾಡಿ ತೋರಿಸ್ಬೇಕು."

ಹೇಳಿದಳು. ಮರ ತುಂಬಲು ಬರುತ್ತಿದ್ದ ಖಾಲಿ ಲಾರಿ, ಅದರ ಹಿಂದೆ ಹೊಸ ಮದುಮಗಳು, ಒಂದು ಮೇಕೆ, ಮೂರು ಮೂಟೆ ಮರಗೆಣಸಿನ ಕಡ್ಡಿ. ನೆಲ್ಯಾಡಿಯ ತಿರುವಿನಲ್ಲಿ ಮೇಕೆ ಇವಳ ತಲೆಯ ಮುಸುಕನ್ನು ತಿಂದುಬಿಟ್ಟದ್ದು. ಅತ್ತೆ ಲಾರಿಯ ಬಳಿಗೆ ಬಂದು ಮೇಕೆಯನ್ನು ಮೊದಲು ಇಳಿಸಿಕೊಂಡು, ಆಮೇಲೆ ಸೊಸೆ ಎಲ್ಲಿ ಎಂದು ಕೇಳಿದ್ದು. ಎದ್ದು ನಿಂತು, ಸೆರಗು ಎತ್ತಿ ಕಟ್ಟಿ, ಇಲ್ಲದ ಲಾರಿಯನ್ನು ಹತ್ತಿ ತೋರಿಸಿದಳು. ಎಪ್ಪತ್ತೊಂದರ ಕಾಲು, ಮೇಲೆ ಹೋಗದೆ ಅಲ್ಲೇ ನಿಂತಿತು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಸೋಣಿಯಾಳ ಕಣ್ಣಲ್ಲಿಯೂ ಬಂತು. "ಇನ್ನೂ ಹೇಳಿ, ಇನ್ನೂ ಹೇಳಿ," ಎನ್ನುತ್ತಲೇ ಇದ್ದಳು.

ಸಂಜೆ ಐದರ ಹೊತ್ತಿಗೆ ಲಿಜೋ ಹೊಗೆಮನೆಯಿಂದ ಹೊರಗೆ ಬಂದ. ರಬ್ಬರು ಹಾಳೆ ಒಣಗಿಸುವ ಆ ಕೋಣೆ ಮನೆಯಿಂದ ಸ್ವಲ್ಪ ದೂರ, ಗೇರುಮರದ ಕೆಳಗೆ. ಅವನ ಕಣ್ಣು ಕೆಂಡದ ಹಾಗೆ ಆಗಿತ್ತು.

"ಎಂತ ಮಾರಾಯ ಕಣ್ಣು?"

"ಹೊಗೆ," ಎಂದು ಮುಖ ತೊಳೆಯಲು ಹೋದ.

ಏಳಕ್ಕೆ ಫೋನು ಬರಲಿಲ್ಲ. ಅಪ್ಪಚ್ಚನಿಗೆ ಗಂಟಲು ಕಟ್ಟಿದೆ, ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ, ಮೆಸೇಜು ಬಂದಿದೆ ಎಂದ ಲಿಜೋ. ಆ ರೋಗವೋ ಎಂದು ಕೇಳಿದಳು. ಅಲ್ಲವೇ ಅಲ್ಲ, ತಂಪು ನೀರು ಕುಡಿದದ್ದು ಎಂದ. ಅದನ್ನು ನಂಬದಿರಲು ಕಾರಣವಿರಲಿಲ್ಲ. ತಣ್ಣೀರು ಕಂಡರೆ ಕೊಡಗಟ್ಟಲೆ ಕುಡಿಯುವ ಮನುಷ್ಯ ಅವರು.

ಮರುದಿನ ಕೆಳಗಿನ ನೀರಿನ ತೋಡಿನ ಆಚೆಯಿಂದ ಚೆನ್ನು ಬಂದಳು. ಬೀಡಿ ಕಟ್ಟುವವಳು. ಮರಿಯಕುಟ್ಟಿ ಈ ಊರಿಗೆ ಬಂದ ವಾರದಲ್ಲೇ ಅವಳಿಗೆ ತುಳುವಿನ ಮೊದಲ ನಾಲ್ಕು ಮಾತು ಕಲಿಸಿದವಳು. ಅಂಗಳದ ತುದಿಯಲ್ಲೇ ನಿಂತು ಒಂದು ಎಳೆ ಹಲಸಿನಕಾಯಿ ಕೆಳಗಿಟ್ಟಳು.

"ದೂರ ನಿಲ್ಬೇಕಂತೆ ಮರಿಯಕ್ಕ. ಆಲಂಕಾರಿನ ಅಂಗಡಿ ಎದುರು ಬಿಳಿ ಚಕ್ರ ಹಾಕಿದ್ದಾರೆ, ಒಬ್ಬೊಬ್ಬರು ಒಂದೊಂದು ಚಕ್ರದಲ್ಲಿ. ನಮ್ಮ ಕಿಟ್ಟಣ್ಣ ಎರಡು ಚಕ್ರಕ್ಕೆ ಒಂದೊಂದು ಕಾಲು ಇಟ್ಟು ನಿಂತಿದ್ದನಂತೆ. ಪೊಲೀಸ್ ಕೇಳಿದ್ದಕ್ಕೆ, ಒಂದು ನನಗೆ, ಒಂದು ಹೆಂಡತಿಗೆ ಹೇಳಿದನಂತೆ."

ಮರಿಯಕುಟ್ಟಿ ನಕ್ಕಳು. ಚೆನ್ನು ಅದಕ್ಕಿಂತ ಜೋರಾಗಿ ನಕ್ಕಳು. ನಕ್ಕವಳು ಕೂರಲಿಲ್ಲ, ಎಲೆ ಅಡಿಕೆ ಬೇಡ ಎಂದಳು, ವರ್ಗೀಸಣ್ಣ ಹೇಗಿದ್ದಾರೆ ಎಂದು ಕೇಳಲಿಲ್ಲ. ಬಂದ ದಾರಿಯಲ್ಲೇ ಬೇಗ ಬೇಗ ಇಳಿದು ಹೋದಳು. ಬೀಡಿ ಎಲೆ ನೆನೆಹಾಕಿ ಬಂದಿರಬೇಕು ಎಂದುಕೊಂಡಳು ಮರಿಯಕುಟ್ಟಿ.

ಶುಕ್ರವಾರ ಅವಳು ಹಟ ಹಿಡಿದಳು. ಗಂಟಲು ಎಷ್ಟು ಕಟ್ಟಿದರೂ ಒಂದು ಹೂಂ ಅನ್ನಲು ಆಗುವುದಿಲ್ಲವೇ. ಲಿಜೋ ಆಚೆ ಹೋಗಿ ಏನೋ ಮಾಡಿ ಬಂದು ಮೊಬೈಲನ್ನು ಅವಳ ಕಿವಿಗೆ ಹಿಡಿದ. ವರ್ಗೀಸರ ಸ್ವರ. "ಮರಿಯೇ, ನನಗೆ ತೊಂದರೆ ಇಲ್ಲ. ನೀನು ಮದ್ದು ಬಿಡ್ಬೇಡ. ಮತ್ತೆ ಮಾತಾಡ್ತೇನೆ." ಅಷ್ಟೇ. ಕಳುಹಿಸಿದ ಮಾತು, ತಿರುಗಿ ಉತ್ತರ ಹೇಳಲು ಆಗುವುದಿಲ್ಲ ಎಂದ ಲಿಜೋ. ಮೂರು ಸಲ ಹಾಕಿಸಿಕೊಂಡು ಕೇಳಿದಳು. ಗಂಟಲು ಅಷ್ಟೇನೂ ಕಟ್ಟಿಲ್ಲವಲ್ಲ ಎಂದಳು. ಆ ರಾತ್ರಿ ಎರಡು ತುತ್ತು ಹೆಚ್ಚು ಊಟ ಮಾಡಿದಳು.

ಗರಿಯ ಭಾನುವಾರ ಇಗರ್ಜಿಯಲ್ಲಿ ಪೂಜೆ ಇರಲಿಲ್ಲ. ಅವಳೇ ಅಂಗಳದ ಗಿಡ್ಡ ತೆಂಗಿನಿಂದ ಎಳೆ ಗರಿ ಕೊಯ್ದು, ಉಗುರಿನಲ್ಲಿ ಸೀಳಿ, ಸಣ್ಣ ಶಿಲುಬೆ ಕಟ್ಟಿದಳು. ಗುರುವಾರಕ್ಕೆ ಇದು ಸಾಕು ಎಂದು ಸೋಣಿಯಾಳಿಗೆ ತೋರಿಸಿದಳು. ಸೋಣಿಯಾ ನೋಡಿದಳು, ಒಲೆಯ ಕಡೆಗೆ ತಿರುಗಿದಳು.

ಸೋಮವಾರ ಅಕ್ಕಿ ನೆನೆಹಾಕುವ ಮಾತು ತೆಗೆದಾಗ ತೊಡಕು ಶುರುವಾಯಿತು.

"ಉದ್ದು ಮುಗಿದಿದೆ ಅಮ್ಮಚ್ಚಿ. ಅಂಗಡಿಯಲ್ಲಿಯೂ ಇಲ್ಲಂತೆ."

"ನನ್ನ ಪೆಟ್ಟಿಗೆಯಲ್ಲಿ ಒಂದು ಸೇರು ಉಂಟು. ಹೋದ ತಿಂಗಳೇ ತೆಗೆದಿಟ್ಟದ್ದು."

"ಮಿಕ್ಸಿ ಸರಿ ಇಲ್ಲ."

"ಮಿಕ್ಸಿ ಹುಟ್ಟುವ ಮೊದಲು ಅಪ್ಪಂ ಇರ್ಲಿಲ್ವಾ? ಕಲ್ಲಿನಲ್ಲಿ ಅರೆಯುವಾ. ನಾನು ತಿರುಗಿಸ್ತೇನೆ."

"ನಿಮ್ಮ ಎದೆಗೆ ಆಗುದಿಲ್ಲ." ಸೋಣಿಯಾ ಮಿಕ್ಸಿಯ ವಯರು ಸುತ್ತಿದಳು. "ಈ ಸಲ ಗ್ಯಾಸಿಗೂ ಕಷ್ಟ ಅಲ್ವಾ ಅಮ್ಮಚ್ಚಿ, ಅದಕ್ಕೆ ಒಂದು ಮನೆಯಲ್ಲಿ ಮಾಡಿ ಹಂಚುದು ಅಂತ ಮಾತಾಗಿದೆ. ಮೇಲಿನ ಮನೆಯ ಎಲ್ಸಾ ನಮಗೂ ಸೇರಿಸಿ ಮಾಡ್ತಾಳೆ."

ಮರಿಯಕುಟ್ಟಿ ಅಲ್ಲಿಂದ ಹೊರಟಳು. ಜಗಲಿಗೆ ಹೋಗಿ ಕೂತಳು. ಒಳಗೆ ಎಲ್ಲೋ ಒಂದು ಕಡೆ ಮುಳ್ಳು ಆಡಿದ ಹಾಗಾಯಿತು.

ಪೆಸಹಾ ಅಪ್ಪಂಗೆ ಒಂದು ಕಟ್ಟುಪಾಡು ಇದೆ. ಇವರಲ್ಲಿ ಸಣ್ಣ ಮಕ್ಕಳಿಗೂ ಅದು ಗೊತ್ತು. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಅವರ ಒಲೆಯಲ್ಲಿ ಅದು ಬೇಯುವುದಿಲ್ಲ. ನೆರೆಯವರು ತಮ್ಮ ಮನೆಯಲ್ಲಿ ಮಾಡಿ ತಂದುಕೊಡಬೇಕು. ಈ ಗುಡ್ಡದ ಮೇಲೆ ಅವಳು ಎಷ್ಟು ಮನೆಗೆ ಹೊತ್ತುಕೊಂಡು ಹೋಗಿದ್ದಾಳೆ. ಮರ ಬಿದ್ದು ಹೋದ ಔಸೇಪ್‌ನ ಮನೆಗೆ. ಹೆರಿಗೆಯಲ್ಲಿ ಹೋದ ಅನ್ನಕ್ಕುಟ್ಟಿಯ ಮನೆಗೆ. ಬಾಳೆಲೆ ಮುಚ್ಚಿದ ಪಾತ್ರೆ ಹಿಡಿದು ಅಂಗಳಕ್ಕೆ ಕಾಲಿಡುವಾಗಲೇ ಒಳಗಿನವರು ಅಳಲು ಶುರು ಮಾಡುತ್ತಿದ್ದರು. ಈ ಮನೆಗೆ ಹಾಗೆ ಹೊರಗಿನ ಅಪ್ಪಂ ಬಂದದ್ದು ಎರಡೇ ವರ್ಷ, ಮಾವ, ಅತ್ತೆ ತೀರಿಕೊಂಡಾಗ.

ಆದರೂ ಮನಸ್ಸು ಸುಲಭಕ್ಕೆ ಆ ಕಡೆ ಹೋಗಲಿಲ್ಲ. ಕಾಲವೇ ತಲೆಕೆಳಗಾಗಿದೆ. ಇಗರ್ಜಿಗೆ ಬೀಗ, ಮದುವೆಗೆ ಜನ ಇಲ್ಲ. ಅಂಥದರಲ್ಲಿ ಗ್ಯಾಸು ಉಳಿಸಲು ಅಪ್ಪಂನ ಕಟ್ಟುಪಾಡು ಮುರಿದರೆ ಆಶ್ಚರ್ಯವೇನು. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಮಂಗಳವಾರವೂ ಹೇಳಿಕೊಂಡಳು, ಬುಧವಾರವೂ ಹೇಳಿಕೊಂಡಳು. ಗುರುವಾರ ಏಳಕ್ಕೆ ಅವರು ಪ್ರಾರ್ಥನೆ ಹೇಳುತ್ತಾರೆ, ಅದು ಕಿವಿಗೆ ಬಿದ್ದರೆ ಆಯಿತು.

ಗುರುವಾರ ಸಂಜೆ ಬೆಳಕು ಇರುವಾಗಲೇ ಎಲ್ಸಾ ಬಂದಳು. ಅಡುಗೆಮನೆಯ ಬಾಗಿಲಿಗೆ ಹೋಗಲಿಲ್ಲ. ಎದುರಿನ ಅಂಗಳದಿಂದ ಬಂದಳು. ಕೈಯಲ್ಲಿ ಪಾತ್ರೆ, ಮೇಲೆ ಬಾಳೆಲೆ. ಬಿಳಿ ಸೀರೆ, ತಲೆಗೆ ಸೆರಗು. ಬಾಯಿಗೆ ಮಾಸ್ಕು ಇತ್ತು, ಆದರೆ ಕಣ್ಣು ಮುಚ್ಚುವ ಮಾಸ್ಕು ಯಾರಲ್ಲಿದೆ. ಮೆಟ್ಟಿಲ ಮೇಲೆ ಪಾತ್ರೆ ಇಟ್ಟು, ಎರಡೂ ಕೈ ಮುಗಿದು, ಹಿಂದಕ್ಕೆ ಸರಿದು ನಿಂತಳು. ಹಂಚಿ ತಿನ್ನುವ ಅಪ್ಪಂ ಕೊಡಲು ಬಂದವಳು ಹೀಗೆ ನಿಲ್ಲುವುದಿಲ್ಲ. ಹೀಗೆ ನಿಲ್ಲುವುದು ಹೇಗೆಂದು ಮರಿಯಕುಟ್ಟಿಗೆ ಗೊತ್ತಿತ್ತು. ಅವಳೇ ನಿಂತಿದ್ದಳಲ್ಲ, ಎಷ್ಟೋ ಅಂಗಳಗಳಲ್ಲಿ.

ಅವಳು ತಿರುಗಿ ಸೋಣಿಯಾಳನ್ನು ನೋಡಿದಳು. ಸೋಣಿಯಾ ಬಾಗಿಲ ದಾರಂದವನ್ನು ಹಿಡಿದು ನೆಲ ನೋಡುತ್ತಿದ್ದಳು. ಒಂಬತ್ತು ದಿನ ಅವಳಿಗೆ ಸುಳ್ಳು ಹೇಳಲು ಬಂದಿತ್ತು, ನಗಲು ಬಂದಿತ್ತು. ಆದರೆ ಸಾವಿನ ಮನೆಯ ಒಲೆಯ ಮೇಲೆ ಪೆಸಹಾ ಅಪ್ಪಂ ಇಡಲು ಕೈ ಬಂದಿರಲಿಲ್ಲ.

ಮರಿಯಕುಟ್ಟಿ ಕೂಗಲಿಲ್ಲ. ಎದೆ ಹಿಡಿದುಕೊಳ್ಳಲಿಲ್ಲ.

"ಎಲ್ಸಾ, ನಿನ್ನ ಫೋನು ಉಂಟಾ ಕೈಯಲ್ಲಿ?"

"ಉಂಟು ಅಮ್ಮಚ್ಚಿ."

"ನಾನು ಹೇಳುವ ನಂಬರು ಒತ್ತು. ಜೋರಾಗಿ ಕೇಳುವ ಹಾಗೆ ಇಡು." ತ್ರೇಸ್ಯಾಳ ನಂಬರನ್ನು ಒಂದೊಂದಾಗಿ ಹೇಳಿದಳು. ಓದು ಬರಹ ಕಡಿಮೆಯಾದವರಿಗೆ ನೆನಪೇ ಪುಸ್ತಕ. ಲಿಜೋ ಒಳಗಿನಿಂದ ಓಡಿ ಬಂದು, "ಅಮ್ಮಾ, ಈಗ ನೆಟ್‌ವರ್ಕ್ ಇರುದಿಲ್ಲ," ಎಂದ. ಅವಳು ಒಮ್ಮೆ ಅವನತ್ತ ಕೈ ಎತ್ತಿದಳು. ಅವನು ಅಲ್ಲೇ ನಿಂತ.

ಎಲ್ಸಾ ಒಂದೊಂದೇ ಅಂಕೆ ಒತ್ತಿದಳು. ಆಚೆಯಿಂದ ತ್ರೇಸ್ಯಾ ಎತ್ತಿದಳು.

"ತ್ರೇಸ್ಯಾ, ನಾನು ಮರಿಯಕುಟ್ಟಿ."

ಆಚೆ ಒಂದು ಬಾಗಿಲು ಮುಚ್ಚಿದ ಸದ್ದು ಬಂತು. ಮತ್ತೆ, "ಮರಿಯೇ, ಹೇಗಿದ್ದಿ? ಮದ್ದು ತಗೊಳ್ತಿದ್ದಿಯಾ?"

"ತಗೊಳ್ತೇನೆ. ಅವರೆಲ್ಲಿ?"

"ಅಣ್ಣನಾ? ಈಗಷ್ಟೇ ಗಂಜಿ ಕುಡಿದು ಮಲಗಿದ್ರು. ಗಂಟಲು ತುಂಬಾ ಗುಣ ಉಂಟು. ನೀನು ಬೇಜಾರು ಮಾಡ್ಬೇಡ, ನಗುನಗುತ್ತಾ ಇರು. ಎಲ್ಲ ಸರಿ ಆಗ್ತದೆ."

"ಗಂಜಿಗೆ ಎಂತ ಮಾಡಿದ್ದಿ?"

"ಚಟ್ನಿ. ಮತ್ತೆ ಹೆಸರುಕಾಳು."

"ಎಷ್ಟು ಕುಡಿದ್ರು?"

"ಎರಡು ಬಟ್ಟಲು."

ಮರಿಯಕುಟ್ಟಿ ಆ ಎರಡು ಬಟ್ಟಲು ಗಂಜಿಯನ್ನು ಕೊನೆಯವರೆಗೂ ಕೇಳಿಸಿಕೊಂಡಳು.

"ತ್ರೇಸ್ಯಾ, ಇವತ್ತು ನಿನ್ನ ಮನೆಯಲ್ಲಿ ಅಪ್ಪಂ ಮಾಡಿದ್ಯಾ?"

ಆಚೆಯಿಂದ ಬಾಯಿಗೆ ಬಟ್ಟೆ ಒತ್ತಿದರೂ ಹೊರಗೆ ಬರುವಂಥ ಒಂದು ಸದ್ದು ಬಂತು. ಎಲ್ಸಾ ಫೋನು ನಿಲ್ಲಿಸಿದಳು.

"ಯಾವಾಗ?" ಎಂದು ಮಗನನ್ನು ಕೇಳಿದಳು ಮರಿಯಕುಟ್ಟಿ.

ಲಿಜೋ ಮೆಟ್ಟಿಲ ಮೇಲೆ ಕೂತುಬಿಟ್ಟ. "ಮೂವತ್ತೊಂದಕ್ಕೆ ಅಮ್ಮ. ಬೆಳಿಗ್ಗೆ ಎದೆನೋವು ಅಂದರಂತೆ. ಆಸ್ಪತ್ರೆಗೆ ತಲುಪುವ ಮೊದಲೇ ಹಾಗಾಯ್ತು. ನಾನು ಸುಳ್ಯದ ತನಕ ಹೋಗ್ಲಿಕ್ಕೆ ಪಾಸು ಕೇಳಿದೆ. ಸಿಗ್ಲಿಲ್ಲ. ಹೆಚ್ಚು ಜನ ಸೇರ್ಲಿಕ್ಕಿಲ್ಲ ಅಂತ ಅದೇ ದಿವಸ..."

"ಎಷ್ಟು ಗಂಟೆಗೆ?"

"ನಾಲ್ಕಕ್ಕೆ."

ಮಂಗಳವಾರ, ನಾಲ್ಕು ಗಂಟೆ. ಅವಳಿಗೆ ಎಲ್ಲವೂ ಒಂದೊಂದಾಗಿ ಬಂದು ಕೂತಿತು. ಫೆಬ್ರವರಿಯಲ್ಲೇ ಎಲೆ ಉದುರಿ ಹಾಲು ತೆಗೆಯುವುದನ್ನು ನಿಲ್ಲಿಸಿದ ರಬ್ಬರು, ಒಂದು ಹಾಳೆಯೂ ಇಲ್ಲದ ಹೊಗೆಮನೆ. ಅಲ್ಲಿ ಹೊಗೆ ಎಲ್ಲಿಂದ ಬರಬೇಕು. ಐವತ್ತು ವರ್ಷ ರಬ್ಬರಿನ ಜೊತೆ ಬದುಕಿದವಳಿಗೆ ಅಷ್ಟು ಹೊಳೆಯಲಿಲ್ಲವಲ್ಲ. ಮಗ ಆ ಕತ್ತಲೆ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಅಪ್ಪನನ್ನು ಮಣ್ಣಿಗೆ ಇಳಿಸುವುದನ್ನು ನೋಡುತ್ತಿದ್ದ. ಅದೇ ಹೊತ್ತಿಗೆ ಅವನ ಹೆಂಡತಿ ಇವಳನ್ನು ಇಲ್ಲದ ಲಾರಿ ಹತ್ತಿಸಿದ್ದಳು.

"ಆ ಸ್ವರ?" ಎಂದಳು. "ಶುಕ್ರವಾರ ಕೇಳಿಸಿದ್ದು?"

"ಹಳೆಯದು. ಗಡಿ ಮುಚ್ಚಿದ ಮರುದಿವಸ ಕಳಿಸಿದ್ದು."

"ಅವರ ಬಾಯಿಂದಲೇ ಸುಳ್ಳು ಹೇಳಿಸಿದ್ರಿ."

ಸೋಣಿಯಾ ಅಳುತ್ತಾ ಹತ್ತಿರ ಬಂದಳು. "ನಿಮ್ಮ ಒಳ್ಳೆಯದಕ್ಕೇ ಅಮ್ಮಚ್ಚಿ. ನಿಮಗೆ ಏನಾದರೂ ಆದರೆ ಕರ್ಕೊಂಡು ಹೋಗ್ಲಿಕ್ಕೆ ಗಾಡಿ ಇರ್ಲಿಲ್ಲ, ಆಸ್ಪತ್ರೆ ಇರ್ಲಿಲ್ಲ. ಈಸ್ಟರ್ ಆಗಲಿ, ಲಾಕ್‌ಡೌನ್ ಮುಗೀಲಿ ಅಂತ ಎಲ್ಲರೂ ಹೇಳಿದ್ರು. ಧೈರ್ಯವಾಗಿ, ಖುಷಿಯಾಗಿ ಇಡುವಾ ಅಂತ."

"ಎಲ್ಲರೂ ಅಂದರೆ?"

ಎಲ್ಸಾ ನೆಲ ನೋಡಿದಳು. ಮೇಲಿನ ಮನೆ, ಕೆಳಗಿನ ಮನೆ, ಇಗರ್ಜಿಯವರು, ಹಾಲು ತರುವವನು. ಎಲ್ಲರೂ ಎಂದರೆ ಎಲ್ಲರೂ. ಗುಡ್ಡದ ಮೇಲೆ ಗೊತ್ತಿಲ್ಲದವಳು ಒಬ್ಬಳೇ, ಹೆಂಡತಿ.

"ನಾನು ಮಣ್ಣು ದಾಟಿ ಹೋಗ್ತೇನೆ ಅಂತ ಹೇಳ್ತಿರ್ಲಿಲ್ಲ," ಎಂದಳು ಮರಿಯಕುಟ್ಟಿ ನಿಧಾನವಾಗಿ. "ಆ ನಾಲ್ಕು ಗಂಟೆಗೆ ಮೊಣಕಾಲೂರಿ ಕೂತಿರ್ತಿದ್ದೆ. ಅಷ್ಟೇ ನನಗೆ ಬೇಕಾದದ್ದು. ನೀವು ನನ್ನನ್ನು ಕುಣಿಸಿದ್ರಿ."

ಪಾತ್ರೆಯನ್ನು ತಾನೇ ಎತ್ತಿ ಒಳಗಿಟ್ಟಳು. ಲಿಜೋ ಕತ್ತಿ ತರಲು ಎದ್ದಾಗ ಬೇಡ ಎಂದಳು. ಆ ದಿನ ಅದನ್ನು ಯಾರೂ ಕೊಯ್ಯಲಿಲ್ಲ.

ಶುಭ ಶುಕ್ರವಾರ ಬೆಳಿಗ್ಗೆ ಅವಳು ಜಗಲಿಯ ಮೆಟ್ಟಿಲಲ್ಲಿ ಕೂತಿದ್ದಳು. ಬಿಳಿ ರವಿಕೆ, ಬಿಳಿ ಮುಂಡು. ಇಡೀ ರಾತ್ರಿ ಕಾದರೂ ಅಳು ಬಂದಿರಲಿಲ್ಲ. ಬರುವಾಗಲೇ ನಗು ನೆನಪಾಗಿ ಹಿಂದಕ್ಕೆ ಹೋಗುತ್ತಿತ್ತು. ಗಂಡ ಸತ್ತ ದಿನದಿಂದ ಒಂಬತ್ತು ದಿನ ನಕ್ಕವಳಿಗೆ ಹತ್ತನೇ ದಿನ ಅಳುವುದಕ್ಕೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯುತ್ತಿರಲಿಲ್ಲ.

ತೋಡು ದಾಟಿ ಚೆನ್ನು ಬಂದಳು. ಸುದ್ದಿ ತಲುಪಿರಬೇಕು. ಅಂಗಳದ ತುದಿಯಲ್ಲಿ ನಿಂತಳು.

"ಮರಿಯಕ್ಕ."

"ನಿನಗೆ ಯಾವತ್ತು ಗೊತ್ತಾದದ್ದು?"

"ಆ ದಿವಸವೇ. ಲಿಜೋ ಕಾಲು ಹಿಡಿಯುದು ಒಂದು ಬಾಕಿ. ಹೇಳಿದರೆ ಅಮ್ಮನೂ ಉಳಿಯುದಿಲ್ಲ ಅಂದ. ಮರುದಿನ ಹೋಗಿ ನಗಿಸಿ ಬನ್ನಿ ಅಂದ. ನಾನು ಎಂತ ಮಾಡ್ಲಿ?"

ಮರಿಯಕುಟ್ಟಿ ಅವಳನ್ನು ನೋಡುತ್ತಾ ಕೂತಳು. ನಲವತ್ತು ವರ್ಷದ ಹಿಂದೆ ಚೆನ್ನುವಿನ ಮೊದಲ ಮಗು ಪುತ್ತೂರಿನ ಆಸ್ಪತ್ರೆಯಲ್ಲಿ ಹೋಯಿತು. ಚೆನ್ನು ಬಾಣಂತಿ, ಜ್ವರದಲ್ಲಿದ್ದಳು. ಗಂಡಸರೆಲ್ಲ ಸೇರಿ, ಮಗು ಹುಷಾರಾಗುತ್ತಿದೆ ಎಂದು ಹೇಳಲು ಮರಿಯಕುಟ್ಟಿಯನ್ನೇ ಕಳುಹಿಸಿದ್ದರು. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಚಾಪೆಯ ಬಳಿ ಕೂತು, ಚೆನ್ನುವಿನ ಮುಖ ನೋಡಿದ ಮೇಲೆ ಆಗಲಿಲ್ಲ. ಇದ್ದದ್ದನ್ನು ಹೇಳಿದಳು. ಇಡೀ ದಿನ ಅವಳನ್ನು ತಬ್ಬಿಕೊಂಡು ಕೂತಿದ್ದಳು. ಗಂಡಸರಿಂದ ಬೈಗುಳ ತಿಂದಳು.

ಚೆನ್ನುವಿಗೂ ಅದು ಮರೆತಿರಲಿಲ್ಲ. ಅವಳ ಮುಖದಲ್ಲಿ ಕಾಣುತ್ತಿತ್ತು.

"ನನಗೆ ಇನ್ನೂ ಯಾರೂ ಹೇಳ್ಲಿಲ್ಲ ಚೆನ್ನು," ಎಂದಳು ಮರಿಯಕುಟ್ಟಿ. "ಹಾಗಾಯ್ತು ಅಂದ ಮಗ. ನಾದಿನಿ ಫೋನಿನಲ್ಲಿ ಅತ್ತಳು. ಬಾಯಿ ಬಿಟ್ಟು ಒಬ್ಬರೂ ಹೇಳ್ಲಿಲ್ಲ. ನೀನು ಹೇಳು."

"ಎಂತ ಹೇಳುದು ಮರಿಯಕ್ಕ?"

"ಗೊತ್ತುಂಟು ನಿನಗೆ. ಒಂಬತ್ತು ದಿವಸದಿಂದ ಬಾಯಲ್ಲಿ ಇಟ್ಟುಕೊಂಡದ್ದು."

ಚೆನ್ನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬೀಡಿ ಕಟ್ಟಿ ಕಟ್ಟಿ ಸವೆದ ಬೆರಳು. ಮತ್ತೆ ತಲೆ ಎತ್ತಿ, ಮೊದಲ ಸಲ ನೇರ ಕಣ್ಣಿಗೆ ನೋಡಿ, ತುಳುವಿನಲ್ಲಿ ಹೇಳಿದಳು. ವರ್ಗೀಸಣ್ಣ ತೀರಿಹೋದರು. ಮಂಗಳವಾರ ಬೆಳಿಗ್ಗೆ ತೀರಿಹೋದರು. ಚೆರುಪುಳದಲ್ಲಿ ಮಣ್ಣು ಮಾಡಿದರು.

ಮರಿಯಕುಟ್ಟಿ ಹೂಂ ಎಂದಳು.

"ಇನ್ನು ನೀನು ಹೋಗು."

"ನಿಮ್ಮ ಹತ್ತಿರ ಸ್ವಲ್ಪ ಕೂತುಕೊಳ್ತೇನೆ ಮರಿಯಕ್ಕ."

"ಬೇಡ. ಅವತ್ತೇ ಕೂತುಕೊಳ್ಳಬೇಕಿತ್ತು."

ಚೆನ್ನು ಇಳಿದು ಹೋದಳು. ಕರೆಯುತ್ತಾಳೇನೋ ಎಂದು ತೋಡಿನ ಬಳಿ ಒಮ್ಮೆ ತಿರುಗಿದಳು. ಮರಿಯಕುಟ್ಟಿ ಕರೆಯಲಿಲ್ಲ. ಚೆನ್ನು ತೋಡು ದಾಟಿ ಕಾಣದಾದ ಮೇಲೆ ಇವಳಿಗೆ ಅಳು ಬಂತು.

ಅದು ಬಾಯಿಗೆ ಬಟ್ಟೆ ಒತ್ತುವ ಅಳುವಾಗಿರಲಿಲ್ಲ. ಹಿಂದಿನ ಕಾಲದ ಹೆಂಗಸರು ಎದೆ ಬಡಿದುಕೊಂಡು, ಹೋದವರ ಹೆಸರು ಹಿಡಿದು, ಅವರು ಮಾಡಿದ್ದನ್ನೆಲ್ಲ ಹೇಳಿಕೊಂಡು ಅಳುವ ಅಳು. ಗುಡ್ಡ ಕಡಿದವರೇ ಎಂದಳು. ಮೂರನೇ ಮುಂಡು ಯಾರು ಉಡಿಸಿದರು ಎಂದಳು. ವಾಹನದ ಸದ್ದಿಲ್ಲದ ಬೆಳಿಗ್ಗೆ, ಸ್ವರ ಎರಡು ಗುಡ್ಡದ ಆಚೆಗೂ ಹೋಯಿತು. ಒಂದೊಂದೇ ಮನೆಯಿಂದ ಜನ ಹೊರಗೆ ಬಂದರು. ಎಲ್ಸಾ, ಅವಳ ಗಂಡ, ಕೆಳಗಿನ ಮನೆಯವರು, ಹಾಲಿನವನು, ಎಲ್ಲರೂ ತಮ್ಮ ತಮ್ಮ ಅಂಗಳದಲ್ಲಿ ನಿಂತರು. ಹತ್ತಿರ ಬರುವ ಹಾಗಿರಲಿಲ್ಲ, ಒಳಗೆ ಹೋಗಲು ಮನಸ್ಸು ಬರಲಿಲ್ಲ.

ಲಿಜೋ ಒಂದು ಲೋಟ ನೀರು, ಅವಳ ಮಾತ್ರೆ ಹಿಡಿದುಕೊಂಡು ಬಂದು ಮೆಟ್ಟಿಲ ಕೆಳಗೆ ನಿಂತ.

"ಸಾಕು ಅಮ್ಮ. ಹತ್ತು ದಿವಸ ಆಯ್ತಲ್ಲ."

ಮರಿಯಕುಟ್ಟಿ ಮಾತ್ರೆ ತೆಗೆದುಕೊಂಡು ನುಂಗಿದಳು. ಲೋಟವನ್ನು ಅವನ ಕೈಗೆ ತಿರುಗಿ ಕೊಟ್ಟಳು.

"ನಿನಗೆ ಹತ್ತು," ಎಂದಳು. "ನನಗೆ ಇದು ಮೊದಲನೇ ದಿವಸ."